ಮರುಟಪಾಲಿನಲ್ಲಿ ಮಂಜೂರಾತಿ

ನನ್ನ ಹೆಂಡತಿಯ ಉಬ್ಬಸಕ್ಕೆ ನನ್ನ ಬೀಡಿಯೇ ಕಾರಣ ಎಂದು ತೀರ್ಪು ಕೊಟ್ಟ ಡಾಕ್ಟರು, ಆ ತೀರ್ಪು ಕೊಡುವಾಗ ಸ್ವತಃ ಸಿಗರೇಟು ಸೇದುತ್ತಿದ್ದರು. ತಿರುವನಂತಪುರದಲ್ಲಿ ಒಳ್ಳೆಯ ಹೆಸರಿದ್ದ ಡಾಕ್ಟರು. ಅವಳ ಬೆನ್ನಿಗೆ ಕೊಳವೆ ಇಟ್ಟು ಉಸಿರು ಕೇಳಿದರು, ಎದ್ದು ಕಿಟಕಿಯ ಹತ್ತಿರ ಹೋಗಿ ಹೊಗೆ ಬಿಟ್ಟರು, ಮತ್ತೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮನೆಯೊಳಗೆ ಹೊಗೆ ಕೂಡದು, ಇವರ ಎದೆ ಅದನ್ನು ತಡೆಯುವುದಿಲ್ಲ ಎಂದರು. ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಅವರು ಕಿಟಕಿಯವರೆಗಾದರೂ ಹೋಗಿದ್ದರು. ನಾನು ಮನೆಯಲ್ಲಿ ಅಷ್ಟು ಮರ್ಯಾದೆಯನ್ನೂ ಇಟ್ಟುಕೊಂಡವನಲ್ಲ.

ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ಕಾಸರಗೋಡು ಕೇರಳದ ಪಾಲಿಗೆ ಬಿತ್ತು. ಕಾಸರಗೋಡಿನ ಜೊತೆಗೆ ಅಲ್ಲಿನ ಸರಕಾರಿ ಕಚೇರಿಯ ಮೇಜು, ಕುರ್ಚಿ, ಬೀರು ಹಾಗೂ ಗುಮಾಸ್ತನಾದ ನಾನೂ ಹೋದೆವು. ಮೇಜು ಕುರ್ಚಿಗಳನ್ನು ಅಲ್ಲೇ ಬಿಟ್ಟು ನನ್ನನ್ನು ಮಾತ್ರ ತಿರುವನಂತಪುರಕ್ಕೆ ಕಳುಹಿಸಿದರು. ಊರ ಹೊರಗೆ ಶ್ರೀಕಾರ್ಯಂನಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಸುತ್ತ ಮರಗೆಣಸಿನ ತೋಟ, ಎರಡು ಕೋಣೆ, ಒಂದು ಬಾವಿ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಅವಳು, ನಾನು ಮತ್ತು ನನ್ನ ಹೊಗೆ, ಹೀಗೆ ಮೂವರು ಸಂಸಾರ ಮಾಡುತ್ತಿದ್ದೆವು. ಅಲ್ಲಿನ ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಕೂತರೆ ಮೂರನೆಯವನೇ ಮನೆಯ ಯಜಮಾನ.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಬೀಡಿ ಬಿಟ್ಟದ್ದು ಎಷ್ಟು ಸಲವೆಂದು ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಯುಗಾದಿಗೆ ಬಿಟ್ಟಿದ್ದೆ, ಗ್ರಹಣಕ್ಕೆ ಬಿಟ್ಟಿದ್ದೆ, ಅವಳ ತಂದೆ ತೀರಿಕೊಂಡಾಗ ಅವರ ಮೇಲೆ ಆಣೆ ಇಟ್ಟು ಬಿಟ್ಟಿದ್ದೆ. ಪ್ರತಿ ಸಲವೂ ಬಾವಿಕಟ್ಟೆಯ ಹಿಂದೆ ನಿಂತು ಸೇದಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಒಳಗೆ ಬರುತ್ತಿದ್ದೆ. ಏಲಕ್ಕಿಯ ವಾಸನೆ ಬಂತೆಂದರೆ ಅವಳಿಗೆ ವಿಷಯ ತಿಳಿಯುತ್ತಿತ್ತು. ಕೊನೆಕೊನೆಗೆ ಪಾಯಸಕ್ಕೂ ಏಲಕ್ಕಿ ಹಾಕುವುದನ್ನು ಬಿಟ್ಟಳು.

ಡಾಕ್ಟರು ಹೇಳಿದ ವಾರವೇ ಅವಳು ತವರಿಗೆ ಹೊರಟಳು. ಜಗಳವಿಲ್ಲ, ಕಣ್ಣೀರಿಲ್ಲ. ಸೀರೆ ಮಡಿಚುತ್ತಾ ಮಡಿಚುತ್ತಾ ಷರತ್ತು ಹೇಳಿದಳು.

"ನೀವು ಬೀಡಿ ಬಿಟ್ಟ ಮೇಲೆ ನಾನು ಬರ್ತೇನೆ. ನಲವತ್ತೆಂಟು ದಿವಸ. ಒಂದು ದಿವಸ ಕಮ್ಮಿ ಆಗ್ಲಿಕ್ಕಿಲ್ಲ. ಮತ್ತೆ ನಿಮ್ಮ ಬಾಯಿಮಾತು ಬೇಡ ಮಾರಾಯ್ರೆ, ನೀವು ಬಿಟ್ಟದ್ದನ್ನು ನಾನು ಸುಮಾರು ಸಲ ನೋಡಿ ಆಗಿದೆ. ಆ ಮೈಸೂರಿನವರು ಬರೀಲಿ, ಹೌದು ಬಿಟ್ಟಿದ್ದಾರೆ ಅಂತ. ಆಗ ಬರ್ತೇನೆ."

ಮೈಸೂರಿನವರು ಎಂದರೆ ನನ್ನ ಗೆಳೆಯರು. ತಿರುವನಂತಪುರದ ಒಂದು ಬ್ಯಾಂಕಿನಲ್ಲಿದ್ದರು. ಐವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡು ಆರೇಳು ವರ್ಷವಾಗಿತ್ತು, ಲಾಡ್ಜಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಕನ್ನಡದವರು ಕಾಫಿಗೆ ಸೇರುವ ಹೋಟೆಲಿನಲ್ಲಿ ಒಂದು ಸಂಜೆ ಅವರು ನನ್ನಲ್ಲಿ ಬೆಂಕಿಪೊಟ್ಟಣ ಕೇಳಿದ್ದೇ ನಮ್ಮ ಸ್ನೇಹದ ಮುಹೂರ್ತ. ಅವರದು ಸಿಗರೇಟು, ನನ್ನದು ಬೀಡಿ. ಅವರು ನನ್ನನ್ನು ಹಳ್ಳಿಗಮಾರ ಎಂದೂ, ನಾನು ಅವರನ್ನು ಕಾಗದ ಸೇದುವವರು ಎಂದೂ ಕರೆಯುತ್ತಿದ್ದೆವು. ನಿಯತ್ತಿನ ಮನುಷ್ಯ ಎಂಬುದನ್ನು ನನ್ನ ಹೆಂಡತಿ ಒಂದೇ ಊಟದಲ್ಲಿ ಕಂಡುಹಿಡಿದಿದ್ದಳು. ಅವಳ ಸಾರು ಉಪ್ಪಾಗಿದ್ದಾಗ, ಉಪ್ಪಾಗಿದೆ ಎಂದು ಹೇಳಿದ ಒಬ್ಬರೇ ಅತಿಥಿ ಅವರು.

ಷರತ್ತು ಕೇಳಿ ಅವರು ಕಾಫಿ ಲೋಟ ಕೆಳಗಿಟ್ಟರು.

"ಏನ್ರೀ ಇದು! ಸೇದೋನಿಗೆ ಸೇದೋನ ಹತ್ರಾನೇ ಸರ್ಟಿಫಿಕೇಟು ಕೇಳ್ತಾರಲ್ರೀ ನಿಮ್ಮನೆಯವರು."

"ಬರೆದುಬಿಡಿ ಮಾರಾಯ್ರೆ, ನಿಮಗೆಂತ ಹೋಗ್ತದೆ?"

"ಸುಳ್ಳು ಬರೆಯೋಕಾಗಲ್ಲ. ನೀವು ಬಿಡೋದನ್ನ ನಾನು ಸಿಗರೇಟು ಸೇದ್ತಾ ಕೂತು ನೋಡೋಕೂ ಆಗಲ್ಲ. ಆಯ್ತು, ನಾನೂ ಬಿಡ್ತೀನಿ. ಹಾಳಾಗಿ ಹೋಗ್ಲಿ."

ಒಬ್ಬನಿಗೆ ಆಗದ ಕೆಲಸ ಇಬ್ಬರಿಗೆ ಆದೀತೆಂದು ನಾವು ನಂಬಿದೆವು. ಆದದ್ದು ಬೇರೆ. ಒಬ್ಬನೇ ಇದ್ದಾಗ ನನಗೆ ನನ್ನ ಚಪಲ ಮಾತ್ರ ಇತ್ತು, ಈಗ ಅವರದ್ದೂ ಸೇರಿತು. ಸಂಜೆ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವರು ಮೀಸೆ ತಿರುವಿದರೆ ನನಗೆ ಬೀಡಿಯ ನೆನಪು, ನಾನು ನಿಟ್ಟುಸಿರಿಟ್ಟರೆ ಅವರಿಗೆ ಸಿಗರೇಟಿನ ನೆನಪು. "ಇವತ್ತೊಂದು ದಿನ" ಎಂದು ಒಬ್ಬರು ಅಂದರೆ, "ಒಂದೇ ತಾನೇ" ಎಂದು ಇನ್ನೊಬ್ಬರು ಧೈರ್ಯ ಕೊಡುತ್ತಿದ್ದೆವು. ಮೂರು ವಾರದಲ್ಲಿ ನಾವು ಏಳೆಂಟು ಸಲ ಬಿಟ್ಟೆವು. ನನ್ನ ಎಣಿಕೆ ನಾಲ್ಕನೆಯ ದಿನ ದಾಟಿದ್ದೇ ಇಲ್ಲ.

ಅಷ್ಟರಲ್ಲಿ ಅವರಿಗೆ ಕೊಚ್ಚಿಗೆ ವರ್ಗವಾಯಿತು. ತ್ರಿಪ್ಪುಣಿತ್ತುರದಲ್ಲಿ ಕೋಣೆ, ಎರ್ನಾಕುಳಂನಲ್ಲಿ ಕೆಲಸ. ಬಸ್ ನಿಲ್ದಾಣದಲ್ಲಿ ಅವರ ಹಾಸಿಗೆ ಸುರುಳಿಯ ಮೇಲೆ ಕೂತು ಕೊನೆಯದೆಂದು ಒಂದೊಂದು ಸೇದುತ್ತಿರುವಾಗ ಅವರಿಗೊಂದು ಉಪಾಯ ಹೊಳೆಯಿತು.

"ನೀವು ಸರಕಾರಿ ನೌಕರರು, ನಾನು ಬ್ಯಾಂಕಿನೋನು. ಮೇಲಿನವರ ಸಹಿ ಇಲ್ದೆ ನಾವಿಬ್ರೂ ಒಂದು ಗುಂಡುಸೂಜಿ ತಗೊಳ್ಳಲ್ಲ. ಬೀಡಿ ಮಾತ್ರ ಯಾಕ್ರೀ ನಮ್ಮಿಷ್ಟಕ್ಕೆ ಸೇದೋದು?"

ಅಲ್ಲೇ ನಿಯಮ ಬರೆದೆವು. ಸೇದಬೇಕೆನಿಸಿದರೆ ಸೇದಬಹುದು, ಯಾರೂ ಬೇಡವೆನ್ನುವುದಿಲ್ಲ. ಆದರೆ ಮೊದಲು ಅರ್ಜಿ ಹಾಕಬೇಕು, ಅಂಚೆ ಕಾರ್ಡಿನಲ್ಲಿ, ಕಾರಣ ಸಮೇತ. ಮರುಟಪಾಲಿನಲ್ಲಿ ಮಂಜೂರಾತಿ ಬಂದ ಮೇಲೆ ಒಂದೇ ಒಂದು. ಮಂಜೂರಾತಿ ಕೊಟ್ಟ ಕಾರಣಕ್ಕೆ ಮಾತ್ರ ಅದು ಸಲ್ಲುತ್ತದೆ. ಮೇಲಧಿಕಾರಿಯ ಬೈಗುಳಕ್ಕೆ ಮಂಜೂರಾದದ್ದನ್ನು ಮಳೆಗೆ ಉಪಯೋಗಿಸುವಂತಿಲ್ಲ.

ನಗಬೇಡಿ. ಡಾಕ್ಟರಿಂದ, ಆಣೆಯಿಂದ, ಏಲಕ್ಕಿಯಿಂದ ಆಗದ್ದು ಅಂಚೆ ಇಲಾಖೆಯಿಂದ ಆಯಿತು. ಕಾರ್ಡು ಹೋಗಲು ಎರಡು ದಿನ, ಉತ್ತರ ಬರಲು ಎರಡು ದಿನ. ಮಂಜೂರಾತಿ ಕೈಗೆ ಬರುವಷ್ಟರಲ್ಲಿ ಬೈದ ಅಧಿಕಾರಿ ಸಮಾಧಾನವಾಗಿರುತ್ತಿದ್ದ, ಮಳೆ ನಿಂತಿರುತ್ತಿತ್ತು, ಹಲ್ಲುನೋವು ಹೋಗಿರುತ್ತಿತ್ತು. ಇಲ್ಲದ ಕಾರಣಕ್ಕೆ ಸೇದುವುದು ನಿಯಮಬಾಹಿರ. ಮತ್ತೊಂದು ಕಾರಣಕ್ಕೆ ಮತ್ತೊಂದು ಅರ್ಜಿ ಹಾಕುತ್ತಿದ್ದೆ. ನಾನು ಹುಟ್ಟು ಗುಮಾಸ್ತ. ಕಾಯುವುದು, ಕಾಯಿಸುವುದು ಎರಡೂ ನನಗೆ ರಕ್ತದಲ್ಲಿ ಬಂದಿದೆ. ಅವರು ಒಂದು ಸಲವೂ ತಿರಸ್ಕರಿಸಲಿಲ್ಲ. ಬೇಡ ಎಂದಿದ್ದರೆ ಹಠಕ್ಕೆ ಬಿದ್ದು ಒಂದು ಕಟ್ಟು ಸೇದುತ್ತಿದ್ದೆ. "ಮಂಜೂರಾಗಿದೆ" ಎಂಬ ಆ ದುಂಡು ಅಕ್ಷರ ನೋಡಿದರೆ ಮಾತ್ರ ಏನೋ ಒಂದು ನೆಮ್ಮದಿಯಾಗುತ್ತಿತ್ತು.

ಸುಲಭವಾಗಿತ್ತು ಎಂದಲ್ಲ. ಮೊದಲ ಹತ್ತು ದಿನ ನಾನು ಮನುಷ್ಯರ ಜೊತೆ ಇರಲು ಲಾಯಕ್ಕಾಗಿರಲಿಲ್ಲ. ಪಕ್ಕದ ಮೇಜಿನವರು ಕೆಮ್ಮಿದರೆ ಸಿಟ್ಟು, ಕೆಮ್ಮದಿದ್ದರೆ ಅನುಮಾನ. ಬಾಯಿಗೆ ಏನಾದರೂ ಬೇಕಲ್ಲ ಎಂದು ಹುರಿದ ಬಾಳೆಕಾಯಿ ಚಿಪ್ಸು ತಿಂದು ತಿಂದು ಅಂಗಿಯ ಗುಂಡಿ ಹಾಕಲಾಗದಂತಾಯಿತು. ಬಸ್ಸಿಳಿಯುವಲ್ಲಿ ಒಂದು ಪೆಟ್ಟಿಗೆ ಅಂಗಡಿ. ಅದರ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿ ತುದಿಗೆ ಬೆಂಕಿ ತಾಗಿಸಿಟ್ಟಿದ್ದರು. ಬೀಡಿ ಕೊಂಡವರು ಆ ಹಗ್ಗದ ತುದಿಗೆ ಮುಟ್ಟಿಸಿ ಹಚ್ಚಿಕೊಳ್ಳಬೇಕು. ಅಂಗಡಿಯವ ದಿನವೂ ನನ್ನನ್ನು ನೋಡಿ "ಸಾರೇ, ಬೀಡಿ ವೇಂಡೇ?", ಬೀಡಿ ಬೇಡವೇ ಎಂದು ಕೇಳುತ್ತಿದ್ದ. ಬೇಡ ಎಂದರೆ ನನ್ನ ಮನೆಯಲ್ಲಿ ಯಾರೋ ಸತ್ತಂತೆ ಮುಖ ಮಾಡುತ್ತಿದ್ದ. ಮನೆಗೆ ಹೋಗಿ ಕಾರ್ಡು ಬರೆಯುತ್ತಿದ್ದೆ: "ಕಾರಣ: ಒಂದು ಹಗ್ಗ."

ಅವರ ಅರ್ಜಿಗಳೂ ಬರುತ್ತಿದ್ದವು. "ಕಾರಣ: ಮ್ಯಾನೇಜರಿಗೆ ಬಡ್ತಿ." "ಕಾರಣ: ಇಲ್ಲಿನ ಸಾಂಬಾರು." ನಾನೂ ಧಾರಾಳವಾಗಿ ಮಂಜೂರು ಮಾಡುತ್ತಿದ್ದೆ. ಹೀಗೆ ಹತ್ತು ದಿನ ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಹೆಂಡತಿಗೆ ಎಂಟು ದಿನದಲ್ಲಿ ಸರ್ಟಿಫಿಕೇಟು ಹೋಗುತ್ತದೆ ಎಂದು ಮನೆಗೆ ಸುಣ್ಣ ಬಳಿಸಿದೆ.

ನಲವತ್ತೆರಡನೆಯ ದಿನ ಕಚೇರಿಯ ಕಡತವೊಂದನ್ನು ಒಪ್ಪಿಸಲು ನನ್ನನ್ನು ಎರ್ನಾಕುಳಂಗೆ ಕಳುಹಿಸಿದರು. ಶನಿವಾರ, ಅವರಿಗೆ ಅರ್ಧ ದಿನದ ಕೆಲಸ. ಮಧ್ಯಾಹ್ನ ದೋಣಿಕಟ್ಟೆಯಲ್ಲಿ ಭೇಟಿಯಾದೆವು. ಅವರು ನನ್ನ ಹೊಟ್ಟೆ ನೋಡಿ ನಕ್ಕರು, ನಾನು ಅವರ ಹೊಟ್ಟೆ ನೋಡಿ ನಕ್ಕೆ. ತೆಂಗಿನ ನೆರಳಿನಲ್ಲಿ ಕಲ್ಲಿನ ಮೇಲೆ ಕೂತೆವು. ಅಷ್ಟು ಸಂತೋಷ ನನಗೆ ಆ ಊರಿಗೆ ಬಂದ ಮೇಲೆ ಆಗಿರಲೇ ಇಲ್ಲ. ಆಗ ದೋಣಿಯಿಂದಿಳಿದವನೊಬ್ಬ ನಮ್ಮ ಪಕ್ಕದಲ್ಲೇ ನಿಂತು ಬೀಡಿ ಹಚ್ಚಿದ. ಗಾಳಿ ನಮ್ಮ ಕಡೆಗೇ ಇತ್ತು.

"ಏನ್ರೀ, ಅನ್ನಿಸ್ತಿದ್ಯಾ?"

"ಅನ್ನಿಸ್ತಾ ಉಂಟು."

"ಕಾರಣ?"

"ನಿಮ್ಮನ್ನು ಕಂಡ ಖುಷಿ."

"ಮಂಜೂರು. ನಂದೂ ಅದೇ ಕಾರಣ."

"ಮಂಜೂರು."

ನಾಲ್ಕು ದಿನ ಹಿಡಿಯುವ ಕೆಲಸ ನಾಲ್ಕು ಮಾತಿನಲ್ಲಿ ಮುಗಿಯಿತು. ಕಾರ್ಡು ಇಲ್ಲದೆ ಅರ್ಜಿಯಿಲ್ಲ ಎಂಬುದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಅವರೇ ಹೋಗಿ ಪ್ಯಾಕು ತಂದರು, ಅವರೇ ಕಡ್ಡಿ ಗೀರಿದರು. ಮೊದಲ ದಮ್ಮಿಗೆ ತಲೆ ತಿರುಗಿತು, ಎರಡನೆಯದಕ್ಕೆ ಸ್ವರ್ಗ, ಮೂರನೆಯದಕ್ಕೆ ನಾನೊಂದು ವಾದ ಶುರುಮಾಡಿದೆ. ಅಯ್ಯಪ್ಪನ ವ್ರತಕ್ಕೇ ಈ ರಾಜ್ಯದಲ್ಲಿ ನಲವತ್ತೊಂದು ದಿನ ಸಾಕಂತೆ, ನನ್ನ ಬೀಡಿಗೆ ನಲವತ್ತೆಂಟು ಯಾಕೆ? ಸಂಬಳ ಕೊಡುವುದು ಕೇರಳ ಸರಕಾರ, ಆದ್ದರಿಂದ ವ್ರತವೂ ಕೇರಳದ್ದೇ. ಅವರು ಬಿದ್ದು ಬಿದ್ದು ನಕ್ಕರು. ಬಿಸಿಲು ಇಳಿಯುವ ಹೊತ್ತಿಗೆ ಪ್ಯಾಕು ಖಾಲಿಯಾಗಿತ್ತು.

ಬಸ್ಸಿಗೆ ನಡೆಯುವಾಗ ನಾನು ಮೆಲ್ಲನೆ ಹೇಳಿದೆ. "ಇದನ್ನು ಅವಳಿಗೆ ಬರೀಬೇಡಿ. ಇನ್ನು ಆರು ದಿವಸ ಇರೋದು."

ಅವರು ನನ್ನ ಚೀಲ ತಾವೇ ಹಿಡಿದುಕೊಂಡು ಬಸ್ಸಿನವರೆಗೆ ಬಂದರು. ಅವರು ಒಪ್ಪಿದರೆಂದೇ ನಾನು ತಿಳಿದೆ.

ವಾರದ ನಂತರ ತವರಿನಿಂದ ಲಕೋಟೆ ಬಂತು. ಒಳಗೆ ಎರಡು ಕಾಗದ. ಒಂದು ಅವರು ಅವಳಿಗೆ ಬರೆದದ್ದು, ಅದೇ ದುಂಡು ಅಕ್ಷರ: "ತಂಗೀ, ನಲವತ್ತೆರಡನೆಯ ದಿನ ಅವರು ಸೇದಿದರು. ಕಡ್ಡಿ ಗೀರಿದವನು ನಾನು, ಅನುಮತಿ ಕೊಟ್ಟವನೂ ನಾನೇ. ಹಿಂದಿನ ನಲವತ್ತೊಂದು ದಿನ ಸುಳ್ಳಲ್ಲ. ಅದಕ್ಕೂ ಬೆಲೆ ಇದೆ ಎಂದು ನನ್ನ ನಂಬಿಕೆ." ನಾನು ಓದಿದ್ದು ಮೊದಲ ವಾಕ್ಯ ಮಾತ್ರ. ಉಳಿದದ್ದರ ಮೇಲೆ ಕಣ್ಣು ಹಾಯಿತು ಅಷ್ಟೆ. ಮೈ ಉರಿದುಹೋಯಿತು. ಜೊತೆಯಲ್ಲಿ ಕೂತು ಸೇದಿ, ಜೊತೆಯಲ್ಲಿ ನಕ್ಕು, ಹಿಂದಿನಿಂದ ಹೋಗಿ ಚಾಡಿ ಹೇಳಿದ ಮನುಷ್ಯ ಎಂದು ಅವರನ್ನು ಗೋಡೆಗೆ ಕೇಳುವಂತೆ ಬೈದೆ.

ಇನ್ನೊಂದು ಕಾಗದ ಅವಳದ್ದು, ಚಿಕ್ಕದು. "ಈಗ ಬರುವುದಿಲ್ಲ. ಮೊದಲಿನಿಂದ ಎಣಿಸಿ. ಈ ಸಲ ಯಾರ ಸಾಕ್ಷಿಯೂ ಬೇಡ. ಸೇದಿದ ದಿನ ನೀವೇ ನನಗೆ ಬರೆಯಿರಿ, ನಾನು ಬಯ್ಯುವುದಿಲ್ಲ. ಸೇದಿಯೂ ಬರೆಯದೆ ಇದ್ದರೆ ಮಾತ್ರ ಮತ್ತೆ ನನ್ನನ್ನು ಕಾಯಬೇಡಿ."

ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಹೆದರಿಸಿದ್ದು ಅದೊಂದೇ ಸಲ. ಕೊನೆಯ ವಾಕ್ಯ ಸುಮ್ಮನೆ ಬರೆದದ್ದಲ್ಲ ಎಂದು ನನಗೆ ಗೊತ್ತಿತ್ತು.

ಮತ್ತೆ ಒಂದರಿಂದ ಎಣಿಸಿದೆ. ಕೊಚ್ಚಿಗೆ ಬರೆಯುವುದನ್ನು ನಿಲ್ಲಿಸಿದೆ. ಅವರಿಂದ ಕಾರ್ಡು ಬಂತು: "ಒಂದು ಸಿಗರೇಟಿಗೆ ಅನುಮತಿ ಕೋರಿದೆ. ಕಾರಣ: ಮ್ಯಾನೇಜರು." ಉತ್ತರಿಸಲಿಲ್ಲ. ವಾರ ಬಿಟ್ಟು ಇನ್ನೊಂದು: "ಕಾರಣ: ಭಾನುವಾರ." ಅದಕ್ಕೂ ಉತ್ತರಿಸಲಿಲ್ಲ. ಮೂರನೆಯ ಕಾರ್ಡಿನಲ್ಲಿ "ಕಾರಣ" ಎಂದು ಬರೆದು ಮುಂದೆ ಏನೂ ಬರೆದಿರಲಿಲ್ಲ. ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟು ಕೊಲ್ಲುವ ವಿದ್ಯೆ ನನಗೆ ಕಚೇರಿ ಕಲಿಸಿತ್ತು. ಮೂರನ್ನೂ ಖಾನೆಗೆ ಹಾಕಿದೆ. ಆಮೇಲೆ ಕಾರ್ಡು ಬರುವುದು ನಿಂತಿತು. ನನ್ನ ಸಿಟ್ಟಿಗೆ ಅದೂ ಒಂದು ಗೆಲುವಿನಂತೆ ಕಂಡಿತು.

ಒಂಬತ್ತನೆಯ ದಿನ ಬೀಡಿಗೆ ಬಿದ್ದೆ. ದೊಡ್ಡ ಕಾರಣವೇನಿಲ್ಲ. ಬಸ್ಸಿಳಿದೆ, ಅಂಗಡಿಯವ ಅವತ್ತು ಬೀಡಿ ಬೇಕೇ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಅವಮಾನವಾಗಿ ನಾನೇ ಕೇಳಿ ತೆಗೆದುಕೊಂಡೆ. ಎರಡು ಸೇದಿದೆ. ಮನೆಗೆ ಬಂದು ಕಾರ್ಡು ಮುಂದಿಟ್ಟುಕೊಂಡರೆ ಕೈ ಓಡಲಿಲ್ಲ. ಗೆಳೆಯರಿಗೆ ಬರೆಯುತ್ತಿದ್ದದ್ದು ತಮಾಷೆ, ಅದೂ ಸೇದುವ ಮೊದಲು. ಇದು ಸೇದಿದ ಮೇಲೆ, ಅದೂ ಹೆಂಡತಿಗೆ. ಅವಳಿಗೆ ನಾನು ಅದುವರೆಗೆ ಬರೆದ ಕಾಗದಗಳಲ್ಲಿ ಕ್ಷೇಮ, ಅಕ್ಕಿ, ಬಾವಿಯ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಬರೆದೆ: "ಇವತ್ತು ಎರಡು ಸೇದಿದೆ. ಬೀಗ ತೆಗೆದು ಒಳಗೆ ಬರಲು ಮನಸ್ಸಾಗಲಿಲ್ಲ, ಅದಕ್ಕೆ ಅಂಗಡಿಯಲ್ಲೇ ನಿಂತೆ." ಬರೆದ ಮೇಲೆಯೇ ನನಗೂ ತಿಳಿದದ್ದು, ಅಂಗಡಿಯವನದ್ದೇನೂ ತಪ್ಪಿರಲಿಲ್ಲ ಎಂದು. ಅವಳಿಲ್ಲದ ಮನೆಗೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು.

ಉತ್ತರ ಒಂದೇ ಸಾಲು: "ತಿಳಿಯಿತು. ನಾಳೆ ಒಂದು ಎಂದು ಎಣಿಸಿ."

ಇಪ್ಪತ್ತಮೂರನೆಯ ದಿನ ಮತ್ತೆ ಬಿದ್ದೆ, ಮತ್ತೆ ಬರೆದೆ. ಅದಕ್ಕೂ ಅದೇ ಒಂದು ಸಾಲು, ಕೆಳಗೆ ಮಾತ್ರ ಸಣ್ಣದಾಗಿ, "ಈ ವಾರ ನನಗೆ ಉಬ್ಬಸ ಇರಲಿಲ್ಲ." ಆ ಕಾರ್ಡನ್ನು ಅಂಗಿಯ ಕಿಸೆಯಲ್ಲಿ, ಬೀಡಿಕಟ್ಟು ಇರುತ್ತಿದ್ದ ಜಾಗದಲ್ಲಿ ಇಟ್ಟುಕೊಂಡು ತಿರುಗಿದೆ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಅದರಲ್ಲಿ ನನ್ನನ್ನು ಸೋಲಿಸುವವರಿಲ್ಲ. ಬಯ್ಯದವಳ ಎದುರು ಮಾತ್ರ ಎಣಿಸುವುದೊಂದೇ ನನಗೆ ಉಳಿದದ್ದು. ಆ ಸಲದ ಎಣಿಕೆ ನಲವತ್ತೆಂಟಕ್ಕೆ ಮುಟ್ಟಿತು. "ಆಯಿತು" ಎಂದು ಬರೆದೆ. ಅವಳು ನಂಬಿದಳು.

ಪರಿಚಯದ ಸಂಸಾರವೊಂದರ ಜೊತೆಗೆ, ರೈಲು ಬದಲಿಸಿ ಬದಲಿಸಿ, ಒಂದು ಬೆಳಿಗ್ಗೆ ಬಂದಿಳಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ಪೊಲೀಸಿನವರಂತೆ ತಪಾಸಣೆಗೆ ನಿಂತಳು. ದಿಂಬು ಮೂಸಿದಳು, ಹೊದಿಕೆ ಮೂಸಿದಳು, ಗೋಡೆಯ ಕ್ಯಾಲೆಂಡರನ್ನೂ ಬಿಡಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು ಅಂಗಿಯ ಕಾಲರಿಗೆ ಮೂಗು ತಂದಳು. ನಾನು ಪರೀಕ್ಷೆಗೆ ನಿಂತ ಹುಡುಗನಂತೆ ನಿಂತಿದ್ದೆ. ಆಮೇಲೆ ಹೋಗಿ ತನ್ನ ಪೆಟ್ಟಿಗೆಯ ಮೇಲೆ ಕೂತಳು. ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು, ಅವಳ ಎದೆಯಿಂದ ಆ ಕೀಂಗುಟ್ಟುವ ಸದ್ದು ಕೇಳುತ್ತಿರಲಿಲ್ಲ. ನನಗೆ ಅಳು ಬಂತು, ನೀರು ತರುವ ನೆಪದಲ್ಲಿ ಒಳಗೆ ಹೋದೆ.

ನೀರು ಕುಡಿದು ಲೋಟ ಕೆಳಗಿಟ್ಟು ಕೇಳಿದಳು. "ಅವರದ್ದು ಎಂತ ಆಯ್ತು? ಬಿಟ್ರಾ?"

"ಯಾರದ್ದು?" ಎಂದೆ, ಗೊತ್ತಿದ್ದೂ.

"ನಿಮ್ಮ ಮೈಸೂರಿನವರದ್ದು."

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

ಖಾನೆ ಎಳೆದು ಮೂರು ಕಾರ್ಡು ತೆಗೆದು ಅವಳ ಕೈಗೆ ಕೊಟ್ಟೆ. ಒಂದೊಂದನ್ನೇ ಓದಿದಳು. ಮೂರನೆಯದನ್ನು ತಿರುಗಿಸಿ ಹಿಂದೆಯೂ ನೋಡಿದಳು, ಏನಾದರೂ ಬರೆದಿದೆಯೋ ಎಂದು.

"ನಾನು ಬಂದದ್ದು ಎಂತಕ್ಕೆ ಅಂತ ತಿಳ್ಕೊಂಡಿದ್ದೀರಿ? ಅವರು ಬರೆದ ಆ ಕಾಗದದಿಂದ. ಇಲ್ಲದಿದ್ರೆ ನೀವು ಇವತ್ತಿಗೂ ಏಲಕ್ಕಿ ಜಗಿಯುತ್ತಾ ಇರ್ತಿದ್ರಿ. ನೀವು ಬಿದ್ದಾಗ ಬರೀಲಿಕ್ಕೆ ನಾನಿದ್ದೆ. ಅವರು ಯಾರಿಗೆ ಬರೀಬೇಕಿತ್ತು?"

ಪೆಟ್ಟಿಗೆಯಿಂದ ಏಳಲಿಲ್ಲ, ಬೀಗವನ್ನೂ ತೆಗೆಯಲಿಲ್ಲ. "ಬರೀರಿ" ಎಂದಳು. ಅವಳ ಕಣ್ಣೆದುರೇ ಕೂತು ಬರೆದೆ. ನೀವು ನಿಜ ಹೇಳಿದ್ದಕ್ಕೆ ನಾನು ಸಿಟ್ಟು ಮಾಡಿಕೊಂಡೆ, ಇಷ್ಟು ತಿಂಗಳು ನಿಮ್ಮನ್ನು ಕೇಳಲಿಲ್ಲ, ಅದು ನನ್ನ ಸಣ್ಣತನ. ಅವಳು ಬಂದಿದ್ದಾಳೆ. ನೀವು ಹೇಗಿದ್ದೀರಿ? ಅದನ್ನು ಅವಳು ಓದಿ ನೋಡಿದ ಮೇಲೆಯೇ ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದ್ದು.

ನಾಲ್ಕನೆಯ ದಿನ ಉತ್ತರ ಬಂತು. ಅದೇ ದುಂಡು ಅಕ್ಷರ. ಸಂಬೋಧನೆ ಇಲ್ಲ, ಕ್ಷೇಮ ಇಲ್ಲ, ಇದ್ದದ್ದು ಎರಡೇ ಮಾತು: "ಸೇದುತ್ತಿದ್ದೇನೆ. ಬನ್ನಿ."

ಶನಿವಾರ ಹೋಗಿ ಬರುತ್ತೇನೆ ಎಂದು ಅವಳಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡಳು.

"ನಾನೂ ಬರ್ತೇನೆ. ನಾನಿರುವಷ್ಟು ಹೊತ್ತಾದ್ರೂ ಅವರು ಸೇದ್ಲಿಕ್ಕಿಲ್ಲ."